ಕರ್ತೃವಿನ ತಿದ್ದುಪಡಿ: ‘ಜಾಜ್ ಅಟ್ ಮ್ಯಾಸೀ ಹಾಲ್’ ಮುದ್ರಿಕೆಯ ಎರಡು ಪಾಠಗಳು

೧

ತನ್ನ ಕೃತಿಯನ್ನು ಮತ್ತೊಮ್ಮೆ ಲೋಕದ ಮುಂದಿಡುವಾಗ ಅದನ್ನು ತಿದ್ದಲು ಕರ್ತೃವಿಗೆ ಎಷ್ಟರ ಮಟ್ಟಿನ ಅಧಿಕಾರವುಂಟು ಎಂಬ ಪ್ರಶ್ನೆ ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಹೊಸದಲ್ಲ. ಓಲೆಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ತೂಗಿ ನೋಡುವವನು ಸಾಮಾನ್ಯವಾಗಿ ಲಿಪಿಕಾರನ ಕೈತಪ್ಪನ್ನು ಸಂಶಯಿಸುತ್ತಾನೆ, ಕವಿಯನ್ನು ಸಂಶಯಿಸುವುದಿಲ್ಲ. ಆದರೆ ತಿದ್ದಿದವನು ಕವಿಯೇ ಆಗಿದ್ದರೆ ಮೊದಲಿನ ಪಾಠ ಪ್ರಮಾಣವೋ, ತಿದ್ದಿದ ಪಾಠ ಪ್ರಮಾಣವೋ? ಒಬ್ಬನೇ ಕುಳಿತು ಬರೆದ ಕೃತಿಯ ವಿಷಯದಲ್ಲಿ ಕರ್ತೃವಿನ ಕಡೆಯ ಇಂಗಿತವೇ ಪ್ರಮಾಣವೆಂದು ಒಪ್ಪಿಕೊಂಡು ಮುಂದೆ ಸಾಗಬಹುದು. ಒಂದು ರಾತ್ರಿ, ಒಂದು ವೇದಿಕೆಯ ಮೇಲೆ, ಐದು ಜನ ಕೂಡಿ ಆಗಿಂದಾಗಲೇ ಕಟ್ಟಿದ ಸಂಗೀತಕ್ಕೆ ಈ ಸೂತ್ರ ಸಲ್ಲುವುದೇ ಎಂಬುದು ವಿಚಾರಣೀಯ.

ಈ ಪ್ರಶ್ನೆಗೆ ಒಂದು ನಿದರ್ಶನವನ್ನು ಪಾಶ್ಚಾತ್ಯ ಸಂಗೀತದಿಂದ ಎತ್ತಿಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅಮೆರಿಕದ ಬಾಸ್ ವಾದಕನೂ ರಚನಕಾರನೂ ಆದ ಚಾರ್ಲ್ಸ್ ಮಿಂಗಸನು (೧೯೨೨–೧೯೭೯) ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ ಪಾಲ್ಗೊಂಡ ಒಂದು ಕಚೇರಿಯ ಧ್ವನಿಮುದ್ರಣವನ್ನು ತಾನೇ ತಿದ್ದಿ, ತನ್ನದೇ ಸಂಸ್ಥೆಯಿಂದ ಪ್ರಕಟಿಸಿದನು. ಕೆಲವು ವರ್ಷಗಳಲ್ಲಿ ಅದೇ ತಿದ್ದಿದ ರೂಪ ದೊಡ್ಡ ತಟ್ಟೆಯಾಗಿ ಪುನಃ ಹೊರಬಂದಿತು. ತಿದ್ದದ ರೂಪದಲ್ಲಿ ಇಡೀ ಕಚೇರಿ ೨೦೦೪ರಲ್ಲಿ, ಎಂದರೆ ಅವನು ತೀರಿಕೊಂಡು ಇಪ್ಪತ್ತೈದು ವರ್ಷಗಳಾದ ಮೇಲೆ, ಬೇರೆಯವರ ಕೈಯಿಂದ ಬಿಡುಗಡೆಯಾಯಿತು. ಹೀಗೆ ಇಲ್ಲಿ ತಿದ್ದುಪಡಿಯೇ ಮೊದಲ ಮುದ್ರಣ, ಮೂಲವೇ ಪುನರ್ಮುದ್ರಣ. ಕಾಲಕ್ರಮ ತಲೆಕೆಳಗಾದ ಈ ಪ್ರಸಂಗದಲ್ಲಿ ಪ್ರಾಮಾಣ್ಯದ ಪ್ರಶ್ನೆಯನ್ನು ಹೇಗೆ ಬಿಡಿಸಬೇಕು?

೨

ಮೊದಲು ವಸ್ತುಸ್ಥಿತಿಯನ್ನು ನಿರೂಪಿಸುವುದು ಒಳ್ಳೆಯದು. ೧೯೫೩ನೆಯ ಇಸವಿ ಮೇ ೧೫ರಂದು ಕೆನಡಾ ದೇಶದ ಟೊರಾಂಟೊ ನಗರದ ಮ್ಯಾಸೀ ಹಾಲ್ ಎಂಬ ಸಭಾಭವನದಲ್ಲಿ ಅಲ್ಲಿನ ಜಾಜ್ ರಸಿಕರ ಸಂಘವೊಂದು ಕಚೇರಿಯನ್ನು ಏರ್ಪಡಿಸಿತು. ಆಲ್ಟೊ ಸ್ಯಾಕ್ಸೊಫೋನಿಗೆ ಚಾರ್ಲಿ ಪಾರ್ಕರ್, ಟ್ರಂಪೆಟ್ಟಿಗೆ ಡಿಜಿ ಗಿಲೆಸ್ಪಿ, ಪಿಯಾನೊಗೆ ಬಡ್ ಪವೆಲ್, ಡ್ರಮ್ಮಿಗೆ ಮ್ಯಾಕ್ಸ್ ರೋಚ್, ಬಾಸಿಗೆ ಮಿಂಗಸ್. ೧೯೪೦ರ ದಶಕದಲ್ಲಿ ಜಾಜ್ ಸಂಗೀತದ ದಿಕ್ಕನ್ನೇ ಬದಲಿಸಿದ ‘ಬೀಬಾಪ್’ ಎಂಬ ಪದ್ಧತಿಯ ಪ್ರಮುಖರಿವರು. ಐವರೂ ಒಂದು ತಂಡವಾಗಿ ಧ್ವನಿಮುದ್ರಣದಲ್ಲಿ ದೊರೆಯುವುದು ಇದೊಂದೇ ಸಲ. ಪಾರ್ಕರ್ ಮತ್ತು ಗಿಲೆಸ್ಪಿ ಜೊತೆಗೂಡಿ ನುಡಿಸಿದ ಮುದ್ರಣಗಳಲ್ಲಿ ಇದೇ ಕಡೆಯದು. ೧೯೫೫ರಲ್ಲಿ ಪಾರ್ಕರನು ತೀರಿಕೊಂಡನು.

ಅಂದಿನ ರಾತ್ರಿಯೇ ಶಿಕಾಗೊ ನಗರದಲ್ಲಿ ಮಾರ್ಸಿಯಾನೊ ಮತ್ತು ವಾಲ್ಕಾಟ್ ಎಂಬ ಜಗಜ್ಜಟ್ಟಿಗಳ ಮುಷ್ಟಿಯುದ್ಧವಿತ್ತು. ಭವನದ ಬಹುಭಾಗ ಖಾಲಿಯಾಗಿತ್ತು. ಟಿಕೆಟಿನ ಹಣ ಕಲಾವಿದರ ಸಂಭಾವನೆಗೆ ಸಾಲಲಿಲ್ಲ. ಕೊಟ್ಟ ಚೆಕ್ಕುಗಳ ಹಿಂದೆ ಹಣವಿರಲಿಲ್ಲವೆಂದೂ ಪಾರ್ಕರನೊಬ್ಬನು ಮಾತ್ರ ತನ್ನದನ್ನು ನಗದು ಮಾಡಿಕೊಳ್ಳಬಲ್ಲವನಾದನೆಂದೂ ಪ್ರಸಿದ್ಧಿಯಿದೆ. ತನ್ನ ಹಣ ಎಷ್ಟೋ ವರ್ಷ ಕೈಸೇರಲಿಲ್ಲವೆಂದು ಗಿಲೆಸ್ಪಿ ದೂರಿಕೊಂಡಿದ್ದುಂಟು. ಪಾರ್ಕರನು ಅಂದು ನುಡಿಸಿದ ವಾದ್ಯವೂ ಗ್ರಾಫ್ಟನ್ ಕಂಪನಿಯ ಪ್ಲಾಸ್ಟಿಕ್ಕಿನದು. ಇಂಥ ಅರೆಕೊರೆಗಳ ನಡುವೆ ಮಿಂಗಸ್ ಮತ್ತು ರೋಚರ ಕೈಗೆ ಬಂದ ಗಟ್ಟಿ ಆಸ್ತಿಯೆಂದರೆ ಕಚೇರಿಯ ಟೇಪು. ಇವರಿಬ್ಬರೂ ಮಿಂಗಸನ ಅಂದಿನ ಪತ್ನಿ ಸೀಲಿಯಾಳೊಡನೆ ೧೯೫೨ರಲ್ಲಿ ‘ಡೆಬ್ಯೂ ರೆಕಾರ್ಡ್ಸ್’ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ದೊಡ್ಡ ಕಂಪನಿಗಳ ಕೃಪೆಯನ್ನು ಕಾಯದೆ ಸಂಗೀತಗಾರರೇ ತಮ್ಮ ಸಂಗೀತದ ಒಡೆಯರಾಗಬೇಕೆಂಬುದು ಅದರ ಹಿಂದಿನ ಅಭಿಲಾಷೆ. ಆ ಟೇಪು ಮೊದಲು ಹತ್ತು ಇಂಚಿನ ತಟ್ಟೆಗಳಾಗಿಯೂ ಆಮೇಲೆ ಹನ್ನೆರಡು ಇಂಚಿನ ತಟ್ಟೆಯಾಗಿಯೂ ಡೆಬ್ಯೂ ಸಂಸ್ಥೆಯಿಂದಲೇ ಹೊರಬಿದ್ದಿತು. ಪಾರ್ಕರನು ಬೇರೊಂದು ಕಂಪನಿಯ ಕರಾರಿಗೆ ಒಳಪಟ್ಟಿದ್ದ ಕಾರಣ ಹೊದಿಕೆಯ ಮೇಲೆ ಅವನ ಹೆಸರಿನ ಬದಲು ‘ಚಾರ್ಲಿ ಚಾನ್’ ಎಂಬ ಹುಸಿಹೆಸರನ್ನು ಅಚ್ಚುಹಾಕಿದರು. ಅದು ಒಂದು ಪತ್ತೇದಾರಿ ಕಥಾಪಾತ್ರದ ಹೆಸರು. ಪಾರ್ಕರನ ಸಂಗಾತಿಯ ಹೆಸರೂ ಚಾನ್ ಎಂದೇ ಇತ್ತು.

ತಟ್ಟೆಯನ್ನು ಹೊರಡಿಸುವ ಮುನ್ನ ಮಿಂಗಸನಿಗೆ ಒಂದು ಕೊರತೆ ಎದುರಾಯಿತು. ಹೆಚ್ಚಿನ ರಚನೆಗಳಲ್ಲಿ ಅವನ ಬಾಸ್ ನಾದ ಟೇಪಿನಲ್ಲಿ ಸರಿಯಾಗಿ ದಾಖಲಾಗಿರಲಿಲ್ಲ. ಟ್ರಂಪೆಟ್ಟೂ ಡ್ರಮ್ಮೂ ಒಟ್ಟಾಗಿ ಮೊಳಗುವಾಗ ಆ ತಗ್ಗಿನ ನಾದ ಕೆಳಗೆಲ್ಲೋ ಹೂತುಹೋಗುತ್ತಿತ್ತು. ಅವನು ಟೇಪನ್ನು ನ್ಯೂಯಾರ್ಕಿಗೆ ಒಯ್ದು, ರೋಚನ ನೆರವಿನಿಂದ, ಹಳೆಯ ಮುದ್ರಣದ ಮೇಲೆ ಬಾಸನ್ನು ಹೊಸದಾಗಿ ನುಡಿಸಿ ಕೂಡಿಸಿದನು. ‘ಆಲ್ ದ ಥಿಂಗ್ಸ್ ಯು ಆರ್’ ಎಂಬ ರಚನೆಯಲ್ಲಿ ತನ್ನ ಒಂಟಿವಾದನದ ಭಾಗವನ್ನೇ ಬದಲಿಸಿದನು. ಲೋಕ ಅರ್ಧಶತಮಾನದ ಕಾಲ ‘ಜಾಜ್ ಅಟ್ ಮ್ಯಾಸೀ ಹಾಲ್’ ಎಂದು ಮೆಚ್ಚಿದ್ದು ಬಹುಮಟ್ಟಿಗೆ ಈ ರೂಪವನ್ನೇ.

೩

ಮಿಂಗಸನ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳಿಬಿಡೋಣ, ಅದು ಅಲ್ಪವಲ್ಲ.

ಜಾಜ್ ಮೇಳದಲ್ಲಿ ಬಾಸ್ ವಾದ್ಯದ ಸ್ಥಾನ ನಮ್ಮ ತಂಬೂರಿಯದಲ್ಲ. ತಂಬೂರಿ ಆಧಾರಶ್ರುತಿಯನ್ನು ಹಿಡಿದು ನಿಲ್ಲುತ್ತದೆ. ಬಾಸ್ ಒಂದೆಡೆ ನಿಲ್ಲುವುದಿಲ್ಲ. ರಚನೆಯ ಸ್ವರಸಂಘಾತಗಳು ಒಂದರಿಂದ ಮತ್ತೊಂದಕ್ಕೆ ಸಾಗುವ ಹಾದಿಯನ್ನು ಅದು ಹೆಜ್ಜೆ ಹೆಜ್ಜೆಗೆ ಗುರುತಿಸುತ್ತ ಹೋಗುತ್ತದೆ. ಜೊತೆಗೆ ಲಯದ ನಡೆಯನ್ನೂ ಹೊರುತ್ತದೆ. ಮನೋಧರ್ಮದಿಂದ ನುಡಿಸುವವನು ಎಷ್ಟು ದೂರ ಹಾರಿದರೂ ಇಳಿಯಲು ನೆಲವುಂಟೆಂಬ ಭರವಸೆ ಅವನಿಗೆ ಬರುವುದು ಈ ವಾದ್ಯದಿಂದ. ಆ ನೆಲ ಕೇಳಿಸದಿದ್ದರೆ ಮೇಲಿನ ಹಾರಾಟ ಬರಿಯ ಚಮತ್ಕಾರವಾಗಿ ತೋರುತ್ತದೆ. ಆದಕಾರಣ ಬಾಸ್ ಅಡಗಿಹೋದ ಮುದ್ರಣ ಮಿಂಗಸನೊಬ್ಬನಿಗಲ್ಲ, ಪಾರ್ಕರ್ ಮತ್ತು ಗಿಲೆಸ್ಪಿಗೂ ಅನ್ಯಾಯ ಮಾಡುತ್ತದೆ.

ಎರಡನೆಯದಾಗಿ, ದೋಷ ವಾದಕನದಲ್ಲ, ಯಂತ್ರದ್ದು. ಲಿಪಿಕಾರನು ಬಿಟ್ಟ ಅಕ್ಷರವನ್ನು ಕವಿಯೇ ತುಂಬಿದರೆ ಆಕ್ಷೇಪಿಸುವವರುಂಟೆ? ಮೂರನೆಯದಾಗಿ, ಮಿಂಗಸನು ಕೇವಲ ಹಿನ್ನೆಲೆಯ ವಾದಕನಾಗಿ ಉಳಿಯಲು ಒಪ್ಪಿದವನಲ್ಲ. ಬಾಸ್ ವಾದ್ಯಕ್ಕೆ ಮೇಳದಲ್ಲಿ ಸಮಾನ ಮಾತು ಬೇಕೆಂಬುದು ಅವನ ಜೀವಮಾನದ ವಾದ. ತನ್ನ ದುಡಿಮೆ, ತನ್ನ ಸಂಸ್ಥೆ, ತನ್ನ ತಟ್ಟೆ. ಅದರಲ್ಲಿ ತನ್ನ ಧ್ವನಿಯೇ ಇಲ್ಲವೆಂದರೆ ಅವನು ಸುಮ್ಮನಿರಬೇಕೆಂದು ನಾವು ಹೇಳುವಂತಿಲ್ಲ.

ಇಷ್ಟನ್ನು ಒಪ್ಪಿದ ಮೇಲೂ ಎರಡು ಪಾಠಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಕೇಳಿದಾಗ ಕೆಲವು ಸಂಗತಿಗಳು ಗಮನಕ್ಕೆ ಬಾರದೆ ಇರವು. ತಿದ್ದಿದ ಪಾಠದಲ್ಲಿ ಬಾಸ್ ಕಿವಿಯ ಹತ್ತಿರವೇ ನುಡಿಯುತ್ತದೆ. ಉಳಿದ ನಾಲ್ವರು ದೊಡ್ಡ ಭವನದ ಪ್ರತಿಧ್ವನಿಯೊಳಗೆ ನಿಂತಿರುತ್ತಾರೆ. ಐವರೂ ಒಂದೇ ಗಾಳಿಯನ್ನು ಉಸಿರಾಡುತ್ತಿಲ್ಲವೆಂಬ ಅನುಮಾನ ಸೂಕ್ಷ್ಮವಾಗಿ ಕೇಳುವವನಿಗೆ ಬರುತ್ತದೆ. ತಿದ್ದದ ಪಾಠದಲ್ಲಿ ಬಾಸ್ ಮಸುಕಾಗಿದೆ, ಹಲವೆಡೆ ಊಹಿಸಿಕೊಂಡೇ ಕೇಳಬೇಕು. ಆದರೆ ಸಭೆಯ ಕೇಕೆ, ಡ್ರಮ್ಮಿನ ಸಿಡಿತ, ಟ್ರಂಪೆಟ್ಟಿನ ಉದ್ವೇಗ ಎಲ್ಲವೂ ಒಂದೇ ಸೂರಿನಡಿಯಲ್ಲಿ ಹುಟ್ಟಿದವೆಂಬುದು ನಿಸ್ಸಂದೇಹ.

ಇದು ಕೇವಲ ನಾದದ ಗುಣಕ್ಕೆ ಸಂಬಂಧಿಸಿದ ಮಾತಾದರೆ ಬಿಟ್ಟುಬಿಡಬಹುದಿತ್ತು. ಮುಖ್ಯವಾದ ಆಕ್ಷೇಪ ಬೇರೆ. ಜಾಜ್ ಸಂಗೀತದ ಜೀವ ಸಂವಾದದಲ್ಲಿದೆ. ಒಬ್ಬನ ನುಡಿಗೆ ಮತ್ತೊಬ್ಬನು ಆ ಕ್ಷಣದಲ್ಲಿ ಮರುನುಡಿಯುತ್ತಾನೆ. ಆ ಮರುನುಡಿಯಿಂದ ಮೊದಲಿನವನ ಮುಂದಿನ ನುಡಿ ರೂಪುಗೊಳ್ಳುತ್ತದೆ. ನ್ಯೂಯಾರ್ಕಿನಲ್ಲಿ ಕುಳಿತು ಮಿಂಗಸನು ನುಡಿಸಿದಾಗ ಪಾರ್ಕರನು ಮುಂದೇನು ನುಡಿಸುವನೆಂಬುದು ಅವನಿಗೆ ಮೊದಲೇ ಗೊತ್ತಿತ್ತು. ಪಾರ್ಕರನಾದರೋ ಈ ಹೊಸ ಬಾಸನ್ನು ಕೇಳಿರಲೇ ಇಲ್ಲ. ಸಂವಾದವು ಇಲ್ಲಿ ಏಕಮುಖವಾಯಿತು. ಹೊಸ ಬಾಸ್ ಉಳಿದವರಿಗೆ ಉತ್ತರ ಕೊಡುತ್ತದೆ. ಉಳಿದವರು ಉತ್ತರ ಕೊಡುತ್ತಿರುವುದು ನಮಗೆ ಕೇಳಿಸದ ಹಳೆಯ ಬಾಸಿಗೆ. ವಿಮರ್ಶಕನು ಈ ತಟ್ಟೆಯನ್ನು ಕೇಳಿ ‘ಇಲ್ಲಿ ಮಿಂಗಸನ ಸ್ವರದಿಂದ ಪವೆಲನಿಗೆ ಪ್ರೇರಣೆಯಾಯಿತು’ ಎಂದು ಬರೆದರೆ ಫಲಕ್ಕೆ ಆಮೇಲೆ ಹುಟ್ಟಿದ ಕಾರಣವನ್ನು ಹೇಳಿದಂತಾಗುತ್ತದೆ.

ಮಸುಕಾದುದನ್ನು ಸ್ಪಷ್ಟಪಡಿಸುವುದು ಜೀರ್ಣೋದ್ಧಾರ. ಒಂಟಿವಾದನವನ್ನೇ ಬದಲಿಸುವುದು ನವನಿರ್ಮಾಣ. ಕವಿಯು ಗೆದ್ದಲು ತಿಂದ ಅಕ್ಷರವನ್ನು ತುಂಬುವುದಕ್ಕೂ ಇಡೀ ಪದ್ಯವನ್ನು ಹೊಸದಾಗಿ ರಚಿಸಿ ಹಳೆಯ ಓಲೆಯೊಳಗೆ ಸೇರಿಸುವುದಕ್ಕೂ ಇರುವಷ್ಟು ಅಂತರ ಇವೆರಡಕ್ಕೂ ಇದೆ. ‘ಆಲ್ ದ ಥಿಂಗ್ಸ್ ಯು ಆರ್’ ರಚನೆಯಲ್ಲಿ ಮಿಂಗಸನು ಆ ಗೆರೆಯನ್ನು ದಾಟಿದನೆಂದೇ ಹೇಳಬೇಕು.

೪

ಇಂಥ ಪ್ರಸಂಗ ಇದೊಂದೇ ಅಲ್ಲ. ಡ್ಯೂಕ್ ಎಲಿಂಗ್ಟನನ ೧೯೫೬ರ ನ್ಯೂಪೋರ್ಟ್ ಕಚೇರಿಯ ತಟ್ಟೆಯಲ್ಲಿ ಬಹುಭಾಗ ಎರಡು ದಿನಗಳ ತರುವಾಯ ಸ್ಟೂಡಿಯೋದಲ್ಲಿ ನುಡಿಸಿ, ಮೇಲೆ ಚಪ್ಪಾಳೆಯನ್ನು ಕೂಡಿಸಿದ್ದಾಗಿತ್ತು. ಪಾಲ್ ಗೊನ್ಸಾಲ್ವಿಸನ ಪ್ರಖ್ಯಾತ ಸ್ಯಾಕ್ಸೊಫೋನ್ ವಾದನ ಬೇರೊಂದು ಮೈಕ್ರೊಫೋನಿನತ್ತ ತಿರುಗಿದ್ದ ಕಾರಣ ಕಂಪನಿಯ ಟೇಪಿನಲ್ಲಿ ಕ್ಷೀಣವಾಗಿ ದಾಖಲಾಗಿತ್ತು. ‘ವಾಯ್ಸ್ ಆಫ್ ಅಮೆರಿಕ’ ಬಾನುಲಿಯ ಟೇಪು ಸಿಕ್ಕಿದ ಮೇಲೆ ಎರಡನ್ನೂ ಹೊಂದಿಸಿ ೧೯೯೯ರಲ್ಲಿ ನಿಜವಾದ ಕಚೇರಿಯನ್ನು ಹೊರತಂದರು. ಅಲ್ಲಿ ಎರಡನೆಯ ಸಾಕ್ಷ್ಯ ದೊರಕಿತು. ಎರಡು ಪ್ರತಿಗಳಿಂದ ಶುದ್ಧಪಾಠ ಸಿದ್ಧವಾಯಿತು.

ಮಿಂಗಸನ ಜೀವನದಲ್ಲಿಯೇ ಇದಕ್ಕೆ ವಿಪರೀತವಾದ ನಿದರ್ಶನವೊಂದುಂಟು. ೧೯೫೭ರಲ್ಲಿ ಅರ್ಕಾನ್ಸಾ ಸಂಸ್ಥಾನದ ಗವರ್ನರ್ ಫಾಬಸನು ಲಿಟಲ್ ರಾಕ್ ಊರಿನ ಶಾಲೆಯೊಂದಕ್ಕೆ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳು ಕಾಲಿಡದಂತೆ ಸೈನಿಕರನ್ನು ನಿಲ್ಲಿಸಿದನು. ಅವನನ್ನು ಹಳಿದು ಮಿಂಗಸನು ಕಟ್ಟಿದ ‘ಫೇಬಲ್ಸ್ ಆಫ್ ಫಾಬಸ್’ ಎಂಬ ರಚನೆ ೧೯೫೯ರ ‘ಮಿಂಗಸ್ ಆಹ್ ಉಮ್’ ತಟ್ಟೆಯಲ್ಲಿ ಮಾತಿಲ್ಲದ ಬರಿಯ ವಾದ್ಯಸಂಗೀತವಾಗಿ ಬಂದಿತು. ಸಾಹಿತ್ಯಕ್ಕೆ ಕೊಲಂಬಿಯಾ ಕಂಪನಿ ಒಪ್ಪಲಿಲ್ಲವೆಂಬುದು ಪ್ರಚಲಿತವಾದ ವಿವರಣೆ. ಮರುವರ್ಷ ಕ್ಯಾಂಡಿಡ್ ಎಂಬ ಸಣ್ಣ ಸಂಸ್ಥೆಗೆ ಅದನ್ನೇ ಸಾಹಿತ್ಯಸಹಿತ ಪುನಃ ಮುದ್ರಿಸಿದಾಗ ಅದಕ್ಕೆ ‘ಒರಿಜಿನಲ್ ಫಾಬಸ್ ಫೇಬಲ್ಸ್’ ಎಂದು ಹೆಸರಿಟ್ಟರು. ಕಾಲದಲ್ಲಿ ಎರಡನೆಯದಾದರೂ ಇದೇ ಮೂಲವೆಂಬ ಸಾರುವಿಕೆ ಹೆಸರಿನಲ್ಲಿಯೇ ಇದೆ. ಇಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ತಟ್ಟೆ ಬೇರೆ, ಹೆಸರು ಬೇರೆ, ಹಳೆಯದೂ ಕೇಳುಗನ ಕೈಯಲ್ಲಿದೆ. ಎರಡನ್ನೂ ಹೋಲಿಸಿ ನೋಡುವ ಸ್ವಾತಂತ್ರ್ಯ ಅವನದು.

ಮುದ್ರಣದ ಮೇಲೆ ಮುದ್ರಣವನ್ನು ಕೂಡಿಸುವುದೇ ದೋಷವೆಂದು ಯಾರೂ ತಿಳಿಯಬಾರದು. ೧೯೬೩ರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ ಎಂಬ ಮಿಂಗಸನ ಮೇರುಕೃತಿಯಲ್ಲಿ ಚಾರ್ಲಿ ಮರಿಯಾನೊ ನುಡಿಸಿದ ಸ್ಯಾಕ್ಸೊಫೋನಿನ ಭಾಗಗಳನ್ನು ಮೇಳದ ಮುದ್ರಣವಾದ ಮೇಲೆ ಕೂಡಿಸಲಾಗಿದೆ. ಈ ಮರಿಯಾನೊ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯವರೊಡನೆ ಕೂಡಿ, ಆರ್. ಎ. ರಾಮಮಣಿಯವರ ಗಾಯನದೊಡನೆ ೧೯೮೩ರಲ್ಲಿ ‘ಜ್ಯೋತಿ’ ಎಂಬ ತಟ್ಟೆಯನ್ನು ಹೊರತಂದವನೆಂಬುದನ್ನು ಕನ್ನಡಿಗರು ನೆನೆಯಬಹುದು. ‘ಬ್ಲ್ಯಾಕ್ ಸೇಂಟ್’ ಕೃತಿಯಲ್ಲಿ ಆ ಕೂಡಿಕೆಯಿಂದ ಯಾವ ಮೋಸವೂ ಆಗಲಿಲ್ಲ. ಏಕೆಂದರೆ ಅದು ಒಂದು ರಾತ್ರಿಯ ವರದಿಯೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಚಿತ್ರಕಾರನು ಬಣ್ಣದ ಮೇಲೆ ಬಣ್ಣವನ್ನಿಟ್ಟಂತೆ ಅದು ಸ್ಟೂಡಿಯೋದಲ್ಲಿ ಕಟ್ಟಿದ ಕೃತಿ. ‘ಮ್ಯಾಸೀ ಹಾಲಿನಲ್ಲಿ ಜಾಜ್’ ಎಂಬ ಶೀರ್ಷಿಕೆಯಾದರೋ ಸ್ಥಳವನ್ನು ಹೆಸರಿಸಿ ಸಾಕ್ಷಿ ಹೇಳುತ್ತದೆ. ಸಾಕ್ಷಿ ಹೇಳುವ ಕೃತಿಗೂ ಸೃಷ್ಟಿಸುವ ಕೃತಿಗೂ ಧರ್ಮ ಬೇರೆ ಬೇರೆ.

೫

ಹಾಗಾದರೆ ೨೦೦೪ರ ಪಾಠವೇ ಸತ್ಯ, ಮಿಂಗಸನ ಪಾಠ ಮಿಥ್ಯೆ ಎಂದು ತೀರ್ಪು ಕೊಡಬಹುದೆ? ಶುದ್ಧಪಾಠದ ಅಭಿಮಾನಿಗಳು ಅನೇಕರು ಹಾಗೆ ತಿಳಿಯುತ್ತಾರೆ. ಈ ನಿರ್ಣಯವನ್ನೂ ಒಪ್ಪುವಂತಿಲ್ಲ. ತಿದ್ದದ ಟೇಪು ನಮಗೆ ತಿಳಿಸುವುದು ಮೈಕ್ರೊಫೋನು ಕೇಳಿದ್ದನ್ನು, ಸಭೆ ಕೇಳಿದ್ದನ್ನಲ್ಲ. ವೇದಿಕೆಯ ಮೇಲಿದ್ದ ನಾಲ್ವರೂ ಮಿಂಗಸನ ಬಾಸನ್ನು ಕೇಳುತ್ತಲೇ ನುಡಿಸಿದರೆಂಬುದು ಅವರ ನಡೆಯ ಬಿಗಿಯಿಂದಲೇ ಊಹ್ಯವಾಗಿದೆ. ಆದುದರಿಂದ ಇಲ್ಲಿ ಎಣಿಸಬೇಕಾದ ಪಾಠಗಳು ಮೂರು: ಆ ರಾತ್ರಿ ನಡೆದದ್ದು ಒಂದು, ಟೇಪಿಗೆ ದಕ್ಕಿದ್ದು ಇನ್ನೊಂದು, ಮಿಂಗಸನು ತಿದ್ದಿದ್ದು ಮತ್ತೊಂದು. ಮೊದಲನೆಯದು ಯಾರಿಗೂ ದೊರೆಯುವಂತಿಲ್ಲ. ಉಳಿದ ಎರಡೂ ಅದರ ಅಪೂರ್ಣ ಪ್ರತಿಗಳು. ಒಂದರಲ್ಲಿ ಲೋಪವಿದೆ, ಇನ್ನೊಂದರಲ್ಲಿ ಪ್ರಕ್ಷೇಪವಿದೆ. ಆ ಪ್ರಕ್ಷೇಪವನ್ನು ಮಾಡಿದವನು ಮೂಲಕರ್ತೃಗಳಲ್ಲಿ ಒಬ್ಬನೆಂಬುದರಿಂದ ಅದಕ್ಕೆ ತೂಕ ಹೆಚ್ಚು. ಐವರಲ್ಲಿ ಒಬ್ಬನು ಮಾತ್ರವೆಂಬುದರಿಂದ ಆ ತೂಕಕ್ಕೆ ಮಿತಿಯೂ ಉಂಟು.

ಬ್ಯಾಂಕಿನ ವೃತ್ತಿಯಲ್ಲಿರುವವರಿಗೆ ಈ ಇಕ್ಕಟ್ಟಿನಿಂದ ಹೊರಬರುವ ದಾರಿ ಪರಿಚಿತವಾದುದು. ಲೆಡ್ಜರಿನಲ್ಲಿ ತಪ್ಪಾಗಿ ಬಿದ್ದ ಅಂಕಿಯನ್ನು ಕೆರೆದು ತೆಗೆಯುವಂತಿಲ್ಲ. ಹಳೆಯ ಅಂಕಿ ಓದಲು ಬರುವಂತೆ ಅದರ ಮೇಲೊಂದು ಗೆರೆಯನ್ನೆಳೆದು, ಸರಿಯಾದುದನ್ನು ಬರೆದು, ತಿದ್ದಿದವನು ಸಹಿ ಹಾಕಬೇಕು. ಪುಸ್ತಕದ ಸ್ಥಾನಕ್ಕೆ ಗಣಕಯಂತ್ರ ಬಂದ ಮೇಲೂ ಈ ಧರ್ಮ ಕೆಟ್ಟಿಲ್ಲ: ತಪ್ಪು ದಾಖಲೆಯನ್ನು ಅಳಿಸದೆ ಎದುರು ದಾಖಲೆಯಿಂದ ಸರಿಪಡಿಸುತ್ತಾರೆ. ತಿದ್ದುವ ಹಕ್ಕನ್ನು ಯಾರೂ ಕಸಿದುಕೊಳ್ಳುವುದಿಲ್ಲ. ತಿದ್ದಿದ ಗುರುತನ್ನು ಅಳಿಸುವ ಹಕ್ಕನ್ನು ಮಾತ್ರ ಯಾರಿಗೂ ಕೊಡುವುದಿಲ್ಲ. ಇದೇ ಅಳತೆಗೋಲಿನಿಂದ ನೋಡಿದರೆ ‘ಚಾರ್ಲಿ ಚಾನ್’ ಎಂಬ ಹುಸಿಹೆಸರು ಅಷ್ಟು ದೊಡ್ಡ ಅಪರಾಧವಲ್ಲ. ಆ ಸ್ಯಾಕ್ಸೊಫೋನ್ ಯಾರದೆಂಬುದು ರಸಿಕರಿಗೆ ಒಂದೇ ಉಸಿರಿನಲ್ಲಿ ತಿಳಿಯುತ್ತಿತ್ತು. ಮುಂದಿನ ಮುದ್ರಣಗಳಲ್ಲಿ ನಿಜನಾಮವೂ ಬಂದಿತು. ಬಾಸಿನ ತಿದ್ದುಪಡಿಯಾದರೋ ಸಂಗೀತದ ಒಳಗೇ ಅಡಗಿ ಕುಳಿತಿತು. ಮಿಂಗಸನಲ್ಲಿ ನಾವು ಕಾಣಬೇಕಾದ ಕೊರತೆ ಅವನು ಬಾಸನ್ನು ಕೂಡಿಸಿದನೆಂಬುದಲ್ಲ. ಆ ಕೂಡಿಕೆಗೆ ಸಹಿ ಹಾಕದೆ ಅದನ್ನು ಕಚೇರಿಯೆಂದೇ ಸಲ್ಲಿಸಿದನೆಂಬುದು.

ನಮ್ಮ ಸಾಹಿತ್ಯಚರಿತ್ರೆಯಲ್ಲಿ ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹದೇವಯ್ಯನ ತರುವಾಯ ಗೂಳೂರು ಸಿದ್ಧವೀರಣ್ಣೊಡೆಯನವರೆಗೆ ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಹಿಂದಿನ ಪರಿಷ್ಕರಣಗಳು ಉಳಿದುಬಂದ ಕಾರಣದಿಂದಲೇ ಯಾರು ಏನನ್ನು ಸೇರಿಸಿದರು, ಯಾವುದನ್ನು ಬಿಟ್ಟರು ಎಂಬುದನ್ನು ಇಂದು ವಿಮರ್ಶಿಸಬಲ್ಲೆವು. ಕಡೆಯದೊಂದೇ ಉಳಿದಿದ್ದರೆ ಅದರ ಸೊಗಸನ್ನು ಕೊಂಡಾಡುತ್ತಿದ್ದೆವೇ ಹೊರತು ಅದರ ಬೆಳವಣಿಗೆಯನ್ನು ಅರಿಯುತ್ತಿರಲಿಲ್ಲ. ಮ್ಯಾಸೀ ಹಾಲಿನ ಟೇಪು ಮೂಲರೂಪದಲ್ಲಿ ಉಳಿದದ್ದೂ ಇಂಥದೇ ಭಾಗ್ಯ. ಮಿಂಗಸನು ಅದರ ಮೇಲೆ ತನ್ನ ನಾದವನ್ನು ಕೂಡಿಸಿದನು, ಅದನ್ನು ನಾಶ ಮಾಡಲಿಲ್ಲ. ಈ ಋಣವನ್ನು ಅವನ ಖಾತೆಗೆ ಜಮಾ ಮಾಡಲೇಬೇಕು.

ಕೊನೆಗೆ ನಮ್ಮ ಕಡೆಗೆ ತಿರುಗಿ ಒಂದು ಮಾತು. ಹೊರನಾಡಿನ ಕನ್ನಡ ಸಂಘಗಳು ಹಿಂದಿನ ದಶಕಗಳ ಉಪನ್ಯಾಸ, ಹರಿಕಥೆ, ಯಕ್ಷಗಾನ, ಗಮಕವಾಚನಗಳ ಸುರುಳಿ ಟೇಪುಗಳನ್ನು ಇಟ್ಟುಕೊಂಡಿದ್ದರೆ ಅವು ಇಂದು ಗಣಕಯಂತ್ರಕ್ಕೆ ಏರುವ ಕಾಲ. ಏರಿಸುವವನು ಸದ್ದನ್ನು ತೊಳೆಯುತ್ತಾನೆ, ಕೆಮ್ಮನ್ನು ಕತ್ತರಿಸುತ್ತಾನೆ, ಮಸುಕಾದ ಮದ್ದಲೆಯನ್ನು ಮುಂದಕ್ಕೆ ತರುತ್ತಾನೆ. ಕೇಳುವವರ ಹಿತಕ್ಕಾಗಿ ಇದು ಬೇಕಾದದ್ದೇ, ಬೇಡವೆನ್ನುವುದು ಹಟವಾದೀತು. ಆದರೆ ತೊಳೆಯದ ಒಂದು ಪ್ರತಿಯನ್ನು ಬೇರೆಯಾಗಿ ತೆಗೆದಿರಿಸಿ, ತೊಳೆದ ಪ್ರತಿಯ ಮೇಲೆ ಏನೇನನ್ನು ಮಾಡಲಾಯಿತೆಂದು ನಾಲ್ಕು ಸಾಲು ಬರೆದು, ಮಾಡಿದವರು ತಮ್ಮ ಹೆಸರನ್ನೂ ದಿನಾಂಕವನ್ನೂ ಹಾಕತಕ್ಕದ್ದು. ಆ ನಾಲ್ಕು ಸಾಲಿಗೆ ತಗಲುವುದು ಅರ್ಧ ಗಂಟೆಯ ಶ್ರಮ. ಮಿಂಗಸನ ತಟ್ಟೆಯ ಹೊದಿಕೆಯ ಮೇಲೆ ಅಂಥ ನಾಲ್ಕು ಸಾಲುಗಳಿದ್ದಿದ್ದರೆ ಕೇಳುಗರು ಮೊದಲ ದಿನದಿಂದಲೇ ಅವನ ಬಾಸನ್ನು ಅವನ ತಿದ್ದುಪಡಿಯೆಂದು ಅರಿತು ಮೆಚ್ಚುತ್ತಿದ್ದರು. ಅದರಿಂದ ಅವನ ಕೀರ್ತಿಗೆ ಕೂದಲೆಳೆಯಷ್ಟೂ ಕುಂದು ಬರುತ್ತಿರಲಿಲ್ಲ.